ಸೂಜಿಗೆ ಮೊದಲಿನ ಮಾತು

ಆಸ್ಪತ್ರೆಯ ರಕ್ತಪರೀಕ್ಷೆ ಕೋಣೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಸೊಳ್ಳೆ ಎಂದು. ಬೈಗುಳವಲ್ಲ, ಬಿರುದು. ಕಚ್ಚಿದ್ದು ಗೊತ್ತಾಗುವಷ್ಟರಲ್ಲಿ ಅವನ ಕೆಲಸ ಮುಗಿದಿರುತ್ತಿತ್ತು.

ಗುಟ್ಟು ಕೈಯಲ್ಲಿರಲಿಲ್ಲ, ಬಾಯಲ್ಲಿತ್ತು. ತೋಳಿಗೆ ರಬ್ಬರ್ ಪಟ್ಟಿ ಬಿಗಿದು ನರ ಹುಡುಕುತ್ತಾ "ಬಸ್ಸು ಸಿಕ್ತಾ?", "ಮನೇಲೆಲ್ಲ ಆರಾಮಾ?" ಎನ್ನುತ್ತಿದ್ದ. ಖಾಲಿ ಹೊಟ್ಟೆಯಲ್ಲಿ ಬಂದವರನ್ನೂ "ತಿಂಡಿ ಆಯ್ತಾ?" ಎಂದು ಕೇಳುವ ಮಹಾನುಭಾವ! ಎದುರಿನವರು ಉತ್ತರಕ್ಕೆ ಬಾಯಿ ತೆರೆದ ಕ್ಷಣಕ್ಕೆ ಸರಿಯಾಗಿ ಸೂಜಿ ಒಳಗೆ. ಅವರು ಏನೇ ಹೇಳಲಿ, "ಒಳ್ಳೇದಾಯ್ತು ಬಿಡಿ, ಮುಷ್ಟಿ ಸಡಿಲ ಮಾಡಿ" ಎನ್ನುತ್ತಿದ್ದ. ಕಿವಿಗೆ ಆ ಹೊತ್ತು ರಜೆ. "ಗ್ಯಾಸ್ ಖಾಲಿ ಅಂದ್ರೂ ಒಳ್ಳೇದಾಯ್ತು ಅಂತೀರಲ್ರೀ!" ಎಂದು ಮನೆಯಲ್ಲಿ ಹೆಂಡತಿ ಗೊಣಗಿದರೆ ಅದೂ ಅವನಿಗೆ ಕೇಳಿಸುತ್ತಿರಲಿಲ್ಲ.

ಹೊಲಿಗೆ ಟೀಚರಮ್ಮ ಎಂಬ ವಯಸ್ಸಾದ ಹೆಂಗಸು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಅವರ ನರ ದಾರದಷ್ಟು ಸಣ್ಣ, ಬೇರೆಯವರ ಕೈಗೆ ಸಿಗುತ್ತಿರಲಿಲ್ಲ. ಎಷ್ಟು ಹೊತ್ತು ಕಾದರೂ ಸರಿ, ಅವರಿಗೆ ಸೊಳ್ಳೆಯ ಕುರ್ಚಿಯೇ ಆಗಬೇಕು. ಗಂಡ ಅವರ ಚೀಲ ಹಿಡಿದುಕೊಂಡು ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದರು.

ಒಂದು ಬೆಳಿಗ್ಗೆ ಟೀಚರಮ್ಮ ಚೀಲವನ್ನು ತಾವೇ ಹಿಡಿದು ಬಂದರು. ಇವನು ಗಮನಿಸಲಿಲ್ಲ.

"ಮನೇಲೆಲ್ಲ ಆರಾಮಾ ಅಮ್ಮಾ?"

"ನಮ್ಮನೆಯವರು ಹೋಗ್ಬಿಟ್ರಪ್ಪ. ಮಂಗಳವಾರ."

"ಒಳ್ಳೇದಾಯ್ತು ಬಿಡಿ. ಮುಷ್ಟಿ ಸಡಿಲ ಮಾಡಿ."

ಅವರು ಸಡಿಲ ಮಾಡಿದರು. ಹತ್ತಿ ಒತ್ತಿಕೊಂಡು ಎದ್ದು ಹೋದರು.

ಆಮೇಲೆ ಮೂರು ಜನರ ರಕ್ತ ತೆಗೆದಾಗಿತ್ತು. ನೆಲ ಒರೆಸಲು ಬಂದ ಆಯಾ, "ಪಾಪ, ಟೀಚರಮ್ಮನ ಯಜಮಾನ್ರು ತೀರ್ಕೊಂಡ್ರಂತೆ" ಎಂದಳು. ಅವನಿಗೆ ತಾನಾಡಿದ ಮಾತು ಆಗ ಕೇಳಿಸಿತು. ಗೇಟಿನವರೆಗೆ ಓಡಿದ, ಅವರು ಎಲ್ಲೂ ಕಾಣಲಿಲ್ಲ. ಅವರ ಪರೀಕ್ಷೆ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ, ಎರಡು ರಿಂಗಿಗೇ ಕಟ್ ಮಾಡಿದ. ಏನಂತ ಹೇಳುವುದು? ನೀವು ಹೇಳಿದ್ದು ನನಗೆ ಕೇಳಿಸಲೇ ಇಲ್ಲ ಎಂದರೆ, ಇಷ್ಟು ವರ್ಷ ಕೇಳಿದ್ದೆಲ್ಲ ಸುಳ್ಳು ಎಂದಂತಲ್ಲವೇ? ಸುಳ್ಳೇ ಆಗಿತ್ತು. ಅವನಿಗೆ ಅಳು ಬಂತು.

ಕ್ಷಮೆ ಕೇಳುವ ಮಾತನ್ನು ಹದಿನೈದು ದಿನ ಬಾಯಿಪಾಠ ಮಾಡಿದ. ಟೀಚರಮ್ಮ ಬಂದರು, ಪಕ್ಕದ ಕುರ್ಚಿಯಲ್ಲಿ ಕೂತರು. ಅಲ್ಲಿದ್ದವನು ತಲೆ ಎತ್ತದೆ ಚುಚ್ಚುವ ಹೊಸಬ. ಒಂದು ಸಲ ಚುಚ್ಚಿದ, ರಕ್ತ ಬರಲಿಲ್ಲ. ಇನ್ನೊಂದು ಸಲ ಚುಚ್ಚಿದ, ಬರಲಿಲ್ಲ. ಸೊಳ್ಳೆಗೆ ತಡೆಯಲಾಗಲಿಲ್ಲ. ತನ್ನ ಮುಂದಿದ್ದವರನ್ನು ಬಿಟ್ಟು ಎದ್ದು ಬಂದ.

"ಅಮ್ಮಾ, ನನ್ ಹತ್ರ ಬನ್ನಿ. ಇಲ್ಲಿ ನೋವಾಗುತ್ತೆ."

"ಆಗ್ಲಿ ಬಿಡಪ್ಪ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಈ ಹುಡುಗ ಏನೂ ಕೇಳಲ್ಲ."

ಬಾಯಿಪಾಠ ಮಾಡಿದ್ದೆಲ್ಲ ಮರೆತೇಹೋಯಿತು. ಆದರೆ ನಾಲಿಗೆಗೆ ಸುಮ್ಮನಿದ್ದು ಗೊತ್ತಿಲ್ಲವಲ್ಲ.

"ಒಳ್ಳೇದಮ್ಮ, ಆರಾಮಾಗಿರಿ" ಎಂದುಬಿಟ್ಟ.

ಹೊಸಬ ಮೂರನೇ ಸಲ ಸೂಜಿ ಎತ್ತಿಕೊಂಡ. ಟೀಚರಮ್ಮ ಅದು ಚರ್ಮದೊಳಗೆ ಇಳಿಯುವುದನ್ನೇ ನೋಡುತ್ತಾ ಕೂತರು. ಇವನ ಕಡೆ ನೋಡಲಿಲ್ಲ.