ಶಾಹೀನ್ ಸಿಸ್ಟರ್ ಕಂಡದ್ದು

ಎಚ್ಚರವಿಲ್ಲದ ರೋಗಿಗಳ ಜೊತೆಗೂ ಶಾಹೀನ್ ಸಿಸ್ಟರ್ ಜಗಳವಾಡುತ್ತಿದ್ದರು. "ಏನ್ರೀ ಸಾವಕಾರ್ರ, ನಿನ್ನಿಕಿಂತ ಬಿಪಿ ಇಳಿಸೀರಲ್ಲ! ನಾ ಏನ್ ತಪ್ಪು ಮಾಡೀನಿ?" ಎಂದು ಕೇಳಿ, ಉತ್ತರ ಸಿಕ್ಕವರಂತೆ ತಲೆಯಾಡಿಸುವರು. ಕಲಬುರಗಿಯ ಆ ಆಸ್ಪತ್ರೆಯ ಐಸಿಯುಗೆ ಹೊಸ ನರ್ಸಾಗಿ ಸೇರಿದಾಗ, ಇವರಿಗೇ ಏನೋ ಆಗಿದೆ ಅಂದುಕೊಂಡಿದ್ದೆ.

ಕಾಗದದ ದೊಡ್ಡ ಚಾರ್ಟು ಹೋಗಿ ಕಂಪ್ಯೂಟರ್ ಬಂದ ವರ್ಷವದು. ನಾಡಿ, ಬಿಪಿ, ಆಮ್ಲಜನಕ ಎಲ್ಲವೂ ಮಾನಿಟರಿನಿಂದ ತಾವಾಗಿಯೇ ಪರದೆಗೆ ಹೋಗುತ್ತಿದ್ದವು. ನಾವು ನೋಡಿ ಒಪ್ಪಿಗೆ ಒತ್ತಿದರೆ ಸಾಕು. ಸಿಸ್ಟರ್ ಮಾತ್ರ ಒತ್ತುವ ಮೊದಲು ರೋಗಿಯ ಪಾದ ಮುಟ್ಟಿ ಬರುವರು. "ಅದು ನೋಡ್ತದ ಖರೆ, ಮುಟ್ಟಂಗಿಲ್ಲಲ್ಲ."

ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿಯೊಬ್ಬರು ಮೆದುಳಿನಲ್ಲಿ ರಕ್ತಸ್ರಾವವಾಗಿ ಮಲಗಿದ್ದರು. ಉಸಿರಿನ ಯಂತ್ರ ತೆಗೆಸಿ ಮನೆಗೆ ಒಯ್ಯಲು ಮಗ ನಿರ್ಧರಿಸಿದ್ದ. ಆ ಮಧ್ಯಾಹ್ನ ಮಗಳು "ಅಪ್ಪಾ" ಎಂದಾಗ ಕಾಲಿನ ಹೆಬ್ಬೆರಳು ಅಲ್ಲಾಡಿತೆಂದು ಸಿಸ್ಟರ್ ಕಂಪ್ಯೂಟರಿಗೆ ಹಾಕಿದರು. ನಾನೂ ಪಕ್ಕದಲ್ಲೇ ಇದ್ದೆ. ನನಗೇನೂ ಕಾಣಲಿಲ್ಲ. ಡಾಕ್ಟರು ಮತ್ತೆ ಮತ್ತೆ ಪರೀಕ್ಷಿಸಿದರೂ ಏನೂ ಇಲ್ಲ.

"ಅದನ್ನ ತಿದ್ದಿಬಿಡ್ರಿ ಸಿಸ್ಟರ್" ಎಂದರು ಡಾಕ್ಟರು.

ತಿದ್ದಿದರೆ ಹಳೆಯ ಸಾಲಿನ ಮೇಲೆ ಗೆರೆ ಬಿದ್ದು, ತಿದ್ದಿದವರ ಹೆಸರೂ ಉಳಿಯುತ್ತದೆ. ಸಿಸ್ಟರ್ ಮೌಸ್ ಹಿಡಿದು ಆ ಸಾಲಿನವರೆಗೆ ಒಯ್ದರು. "ಯಾ ಅಲ್ಲಾ, ಕಂಡದ್ದು ಸುಳ್ಳಂತ ಹ್ಯಾಂಗ ಬರೀಲಿ? ಖರೆ ಅಂತಾನೂ ಹ್ಯಾಂಗ ಹೇಳ್ಲಿ?"

ತಿದ್ದಲಿಲ್ಲ.

ಸಿಸ್ಟರ್ ಕಂಡದ್ದನ್ನೇ ನಂಬಿ ಮಗಳು ಅಪ್ಪನನ್ನು ಒಯ್ಯಗೊಡಲಿಲ್ಲ. ವಾರ ಕಳೆದು ಅವರು ಅಲ್ಲೇ ತೀರಿಕೊಂಡರು. "ಸುಮ್ನ ಆಸೆ ಹಚ್ಚಿ ನಮ್ಮಪ್ಪನ ಜೀವ ಹಿಂಡಿದ್ರಿ!" ಎಂದು ಮಗ ಕೂಗಾಡಿದ. ಮಗಳು ಸಿಸ್ಟರ್ ಕೈ ಹಿಡಿದು, "ನನ್ ದನಿ ಕೇಳ್ಯಾರಲ್ರೀ, ಅಷ್ಟ ಸಾಕು" ಎಂದು ಅತ್ತಳು. ಯಾರ ಮಾತು ಸರಿಯೋ ನನಗೆ ತಿಳಿಯಲಿಲ್ಲ.

ನಿವೃತ್ತರಾದ ಮೇಲೆ ಸಿಸ್ಟರ್ ಕಮಲಾಪುರದ ತಂಗಿಯ ಮನೆ ಸೇರಿದರು. ಕೊನೆಯ ಸಲ ಅಲ್ಲಿಗೆ ಹೋದಾಗ ತಡೆಯಲಾರದೆ ಕೇಳಿಬಿಟ್ಟೆ: "ಅವತ್ತು ಖರೇನ ಅಲ್ಲಾಡಿತ್ತೇನ್ರೀ?"

ಸಿಸ್ಟರ್ ಚಹಾ ಸೋಸಿ ಲೋಟ ನನ್ನ ಮುಂದಿಟ್ಟರು. "ಆ ಹುಡುಗಿ ಸಂತ್ಯಾಗ ಸಿಕ್ಕಾಗೆಲ್ಲ ಇದ ಕೇಳ್ತಾಳ. ಹೌದವ್ವಾ ಅಂತೀನಿ. ಅಕಿ ಅಣ್ಣ ಸಿಕ್ರ ಮಾರಿ ತಗ್ಗಿಸ್ತೀನಿ. ನೀನೂ ಅಲ್ಲೇ ಇದ್ದಿ ಅಲ್ಲ, ನಿನಗೇನು ಕಂಡಿತ್ತು?"

ಏನೂ ಕಾಣಲಿಲ್ಲ ಎನ್ನಲು ಬಾಯಿ ಬರಲಿಲ್ಲ. "ನೆನಪಿಲ್ರೀ" ಎಂದೆ.

ಆ ಚಳಿಗಾಲದಲ್ಲಿ ಸಿಸ್ಟರೂ ಹೋದರು. ಈಗ ಆ ಮಧ್ಯಾಹ್ನವನ್ನು ನೆನೆದರೆ ಒಮ್ಮೊಮ್ಮೆ ನನಗೂ ಆ ಹೆಬ್ಬೆರಳು ಅಲ್ಲಾಡಿದಂತೆ ಕಾಣುತ್ತದೆ.