ಮಾರಿ ತೋರಿಸಿ ಬರುವುದು

ಮೊನ್ನೆ ಫ್ರಿಜ್ಜಿನ ಮೂಲೆಯಲ್ಲಿ ಯಾರೋ ಇಟ್ಟು ಮರೆತಿದ್ದ ಮೊಸರಿನ ಡಬ್ಬಿಯ ಮುಚ್ಚಳ ತೆಗೆದಾಗ, ಬೈಲಹೊಂಗಲದ ನಮ್ಮ ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದರು. ನನಗೊಬ್ಬಳಿಗೆ ಫ್ರಾನ್ಸು ನೆನಪಾಯಿತು. ಬಿಸಿನೆಸ್ ಓದಲೆಂದು ಅಷ್ಟು ದೂರ ಹೋಗಿಬಂದವಳಿಗೆ ನೆನಪಿರುವುದು ಹಳಸಿದ ಹಾಲಿನ ವಾಸನೆಯೇ ಎಂದು ನೀವು ನಗಬಹುದು. ನಗಿರಿ. ಆದರೆ ಆ ವಾಸನೆಯ ಹಿಂದೆ ಒಂದು ಊಟವಿದೆ. ಆ ಊಟದ ದೆಸೆಯಿಂದ ನಾನು ಫೇಲಾದ ಪರೀಕ್ಷೆಯೂ ಇದೆ.

ಹೋದ ಹೊಸದರಲ್ಲಿ ನಾನು ಪುಸ್ತಕ ಬಿಟ್ಟು ಏಳುತ್ತಿರಲಿಲ್ಲ. ಸಹಪಾಠಿಗಳು ಸಂಜೆಗೆ ಕರೆದರೆ, ಓದುವುದಿದೆ ಎನ್ನುತ್ತಿದ್ದೆ. ಒಂದು ದಿನ ಪ್ರೊಫೆಸರರು, ಪ್ರಾಜೆಕ್ಟಿಗೆ ನೀವೇ ತಂಡ ಕಟ್ಟಿಕೊಳ್ಳಿ ಎಂದರು. ಎಲ್ಲರೂ ತಮ್ಮ ತಮ್ಮ ಗೆಳೆಯರನ್ನು ಆರಿಸಿಕೊಂಡ ಮೇಲೆ, ಹುಗ್ಗಿ ಉಂಡಾದ ತಾಟಿನ ಅಂಚಿನ ಏಲಕ್ಕಿ ಸಿಪ್ಪೆಯಂತೆ ನಾನೊಬ್ಬಳು ಉಳಿದೆ. ಕೊನೆಗೆ ಅವರೇ ನನ್ನನ್ನು ಕಾಮಿಲ್ ಎಂಬ ಹುಡುಗಿಯ ತಂಡಕ್ಕೆ ಸೇರಿಸಿದರು. ತಂಡದವರು ನನಗೆ ಬಹಳ ಮರ್ಯಾದೆ ಕೊಟ್ಟು ದೂರವೇ ಇಟ್ಟರು. ಅಷ್ಟು ಮರ್ಯಾದೆಯನ್ನು ನಾವು ಬೀಗರಿಗೂ ಕೊಡುವುದಿಲ್ಲ.

ಈ ಸಂಕಟವನ್ನು ಫೋನಿನಲ್ಲಿ ಚಿಗವ್ವನ ಮುಂದೆ ತೋಡಿಕೊಂಡೆ. ಚಿಗವ್ವ ಎಂದರೆ ನನ್ನ ಕಾಕಾನ ಹೆಂಡತಿ, ನೇಸರಗಿಯವಳು, ದೊಡ್ಡ ಬಳಗದವಳು. ಲಗ್ನದ ದಿನಗಳಲ್ಲಿ ಬೆಳಿಗ್ಗೆ ಸಂಗೊಳ್ಳಿಯಲ್ಲಿ ಅಕ್ಷತೆ ಹಾಕಿ, ಮಧ್ಯಾಹ್ನ ಕಿತ್ತೂರಿನಲ್ಲಿ ಹೊಸ ಮನೆಯ ಶಾಂತಿಯ ಊಟ ಮುಗಿಸಿ, ಸಂಜೆ ಸವದತ್ತಿಯಲ್ಲಿ ಯಾರದೋ ಕೂಸಿನ ತೊಟ್ಟಿಲು ತೂಗುವವಳು. ಎಲ್ಲಿಯೂ ಊರಿ ಕೂತವಳಲ್ಲ.

"ಓದೂದ ಬಿಡಬ್ಯಾಡ, ಮಂದೀನೂ ಬಿಡಬ್ಯಾಡ," ಎಂದಳು. "ಹೋಗು, ಮಾರಿ ತೋರ್ಸು, ಇನ್ನೊಂದ ಮನಿಗೆ ಹೋಗೂದೈತ್ರಿ ಅನ್ನು, ಬಾ. ಕೈ ಬೀಸ್ಕೋಂತ ಮಾತ್ರ ಹೋಗಬ್ಯಾಡ."

ಮಾರಿ ಎಂದರೆ ನಮ್ಮ ಕಡೆ ಮುಖ. ಬೆಂಗಳೂರಿನವರು ದೇವಿಯೆಂದು ತಿಳಿದು ಕೈಮುಗಿಯಬಾರದು.

ಆ ಶುಕ್ರವಾರವೇ ಶುರುಮಾಡಿದೆ. ಒಂದೇ ಸಂಜೆ ಮೂರು ಮನೆ. ಆದರೆ ಚಿಗವ್ವನಿಗೆ ಗೊತ್ತಿರದ ಸಂಗತಿಯೊಂದಿತ್ತು. ಅಲ್ಲಿ ಬಂದವರು ಇದ್ದವರೆಲ್ಲರ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿನ ಸದ್ದು ಮಾಡಬೇಕು, ಹೊರಡುವಾಗ ಮತ್ತೊಮ್ಮೆ. ಅದಕ್ಕೆ 'ಬೀಸ್' ಎನ್ನುತ್ತಾರೆ. ಕೋಣೆ ತುಂಬ ಜನರಿದ್ದರೆ ಅದು ಜೋಳ ಬೀಸುವುದಕ್ಕಿಂತ ಕಡಿಮೆ ಕೆಲಸವಲ್ಲ. ಮೊದಲು ಯಾವ ಕೆನ್ನೆ ಎಂದು ತಿಳಿಯದೆ ಒಬ್ಬನ ಕನ್ನಡಕ ಬೀಳಿಸಿದೆ. ಎಲ್ಲರಿಗೂ ಮುಗಿಸುವಷ್ಟರಲ್ಲಿ ಹೊರಡುವ ಹೊತ್ತಾಗುತ್ತಿತ್ತು, ಮತ್ತೆ ಮೊದಲಿನಿಂದ. ಕೆನ್ನೆ ಸವೆಯಿತೇ ಹೊರತು ಒಬ್ಬರ ಹೆಸರೂ ನೆನಪಿನಲ್ಲಿ ಉಳಿಯಲಿಲ್ಲ. ಓದೂ ಆಗಲಿಲ್ಲ.

ಹೀಗಿರುವಾಗ ಒಂದು ರವಿವಾರ ಕಾಮಿಲ್ ತನ್ನ ಹಳ್ಳಿಯ ಮನೆಗೆ ಮಧ್ಯಾಹ್ನದ ಊಟಕ್ಕೆ ಕರೆದಳು. ಮರುದಿನ ಫೈನಾನ್ಸ್ ಪರೀಕ್ಷೆ. ಮಾರಿ ತೋರಿಸಿ ಬಂದರಾಯಿತೆಂದು ಊರಿನಿಂದ ಬಂದಿದ್ದ ಕರದಂಟು ಹಿಡಿದುಕೊಂಡು ಹೋದೆ. ಸೂಪು ಬಂತು, ಬ್ರೆಡ್ಡು ಬಂತು. ಇವರ ಊಟ ಇಷ್ಟೇ ಎಂದುಕೊಂಡು ಹೊಟ್ಟೆತುಂಬ ಉಂಡು ಎದ್ದುನಿಂತೆ. ನನ್ನ ಹರಕು ಫ್ರೆಂಚಿನಲ್ಲಿ, "ಇನ್ನೊಂದು ಮನೆಗೆ ಹೋಗುವುದಿದೆ," ಎಂದೆ.

ಕಾಮಿಲಳ ತಾಯಿ ಬಟಾಟೆಯ ದೊಡ್ಡ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು. "ನಮ್ಮ ಅಡುಗೆ ಸೇರಲಿಲ್ಲವೇನಮ್ಮ?" ಎಂದು ಕೇಳಿದರು.

ಕಾಮಿಲ್ ಮೆಲ್ಲಗೆ ಹೇಳಿದಳು: "ನೀನು ಬರುವುದೇ ಹೊರಡುವುದಕ್ಕೆ. ನಿನಗೆ ಅಕ್ಕನಿದ್ದಾಳೋ ತಮ್ಮನಿದ್ದಾನೋ, ಅದೂ ನಮಗೆ ಗೊತ್ತಿಲ್ಲ."

ಆ ದೇಶಕ್ಕೆ ಹೋದಮೇಲೆ ನನ್ನ ಬಗ್ಗೆ ಏನಾದರೂ ತಿಳಿಯಬೇಕೆಂದವಳು ಅವಳೇ ಮೊದಲು. ಕೂತೆ. ಬಟಾಟೆ, ಹಸಿ ಸೊಪ್ಪು, ಆಮೇಲೆ ಆ ವಾಸನೆಯ ಚೀಸು, ಆಮೇಲೆ ಸಿಹಿ. ಕಾಫಿ ಬರುವ ಹೊತ್ತಿಗೆ ಹೊರಗೆ ಮುಸ್ಸಂಜೆ. ಚಿಗವ್ವನ ಒಂದು ದಿನದ ಸಂಚಾರವನ್ನು ನಾನು ಕೈಸನ್ನೆ ಮಾಡಿ ವರ್ಣಿಸಿದ್ದಕ್ಕೆ ಕಾಮಿಲಳ ತಂದೆ ನಕ್ಕು ನಕ್ಕು ಕರದಂಟು ಗಂಟಲಿಗೆ ಸಿಕ್ಕಿಸಿಕೊಂಡರು.

ಪರೀಕ್ಷೆಯಲ್ಲಿ ಫೇಲಾದೆ. ಅಳುತ್ತ ಚಿಗವ್ವನಿಗೆ ಹೇಳಿದೆ.

"ಊಟಕ್ಕ ಹೋಗಿ ಫೇಲಾದ್ಯಾ?" ಎಂದವಳು ಅದರ ಬೆನ್ನಿಗೇ ಕೇಳಿದಳು, "ಏನೇನ ಮಾಡಿದ್ರಬೇ?"

"ಕಡೀಕ ಚೀಸ ಕೊಟ್ರು ಚಿಗವ್ವ. ಹಾಲು ಕೆಡಿಸಿ ಮಾಡ್ತಾರ."

"ಕೆಟ್ಟದ್ದನ್ನೂ ಚೆಲ್ಲಂಗಿಲ್ಲಂದ್ರ, ಛಲೋ ಬಾಳೇವು ಮಾಡೂ ಮಂದಿ ಬಿಡು. ಅವರ ಜೋಡಿ ಇರು."

ಅವರ ಜೋಡಿಯೇ ಇದ್ದೆ. ಮರುಪರೀಕ್ಷೆಗೆ ಕಾಮಿಲ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಳು. ಅರ್ಧ ಹೊತ್ತು ಹರಟೆಯೇ ಆಗುತ್ತಿತ್ತು. ಆದರೂ ಪಾಸಾದೆ.

ಈ ವಾರ ಚಿಗವ್ವನ ಜೊತೆ ರಾಮದುರ್ಗಕ್ಕೆ ಒಂದು ಕುಬಸಕ್ಕೆ, ಎಂದರೆ ಸೀಮಂತಕ್ಕೆ, ಹೋಗಿದ್ದೆ. ಬಸುರಿ ಹುಡುಗಿ ಹಸಿರು ಸೀರೆಯಲ್ಲಿ ಬೆವರುತ್ತ ಕುರ್ಚಿಯಲ್ಲಿ ಕೂತಿದ್ದಳು. ಬಂದವರು ಆರತಿ ಎತ್ತಿ, ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ನಿದ್ದೆ ಸರಿಯಾಗಿ ಬರುತ್ತದೆಯೇ ಎಂದು ಕೇಳಿದೆ.

"ಎಲ್ಲೀದ್ರಿ ಅಕ್ಕಾರ, ಕೂಸು ಒದೀತೈತ್ರಿ," ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ.

"ಏಳಬೇ, ಇನ್ನೊಂದ ಮನಿಗೆ ಹೋಗೂದೈತಿ," ಎಂದು ಚಿಗವ್ವ ಬಾಗಿಲಿನಿಂದ ಕರೆದಳು.

"ನೀ ಹೋಗ ಚಿಗವ್ವ. ನನ್ನ ಮಾರೀನೂ ನೀನ ತೋರ್ಸಿ ಬಾ."

ಚಿಗವ್ವ ನನ್ನನ್ನು ನೋಡಿದಳು, ಆ ಹುಡುಗಿಯನ್ನು ನೋಡಿದಳು. ಮೆಟ್ಟಿದ ಚಪ್ಪಲಿ ಮತ್ತೆ ಬಿಟ್ಟು ಒಳಬಂದು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತೇಬಿಟ್ಟಳು. ಮನೆಯ ಯಜಮಾನಿ ಗಾಬರಿಯಾಗಿ ನೀರಿನ ತಂಬಿಗೆ ಹಿಡಿದು ಓಡಿಬಂದರು.

"ಯಾಕ್ರಿ ಯಕ್ಕಾ, ಕುಂತಬಿಟ್ರಿ? ಆರಾಮಿಲ್ಲೇನ್ರಿ?"

"ಆರಾಮ ಅದೀನಿ," ಎಂದಳು ಚಿಗವ್ವ. "ನೀ ಚಾ ಇಡು."