ಚಪ್ಪಲಿ ಅಂಗಡಿಯ ಮದುಮಗ

ನಮ್ಮ ಚಪ್ಪಲಿ ಅಂಗಡಿಯ ಹಿರಿಯ ಸೇಲ್ಸ್‌ಮನ್‌ಗೆ ನಾವೆಲ್ಲ ಇಟ್ಟ ಹೆಸರು ಮದುಮಗ. ನಲವತ್ತು ದಾಟಿದರೂ ಮದುವೆಯೇನೂ ಆಗಿಲ್ಲ, ಆತನ ಮನಸ್ಸಿನಲ್ಲಿ ಮಾತ್ರ ವಾರಕ್ಕೊಂದು ನಿಶ್ಚಯವಾಗುತ್ತಿರುತ್ತದೆ. ಬ್ಯಾಂಕಿನ ಹುಡುಗಿ ಚಲನ್ ವಾಪಸ್ ಕೊಡುವಾಗ ನಕ್ಕರೆ ಸಾಕು, ಮರುದಿನ ಇಸ್ತ್ರಿ ಅಂಗಿ ತೊಟ್ಟು ಬರುತ್ತಾನೆ. ಹಲ್ಲಿನ ಡಾಕ್ಟರಮ್ಮ "ನೋವಾದ್ರೆ ಹೇಳಿ" ಅಂದಿದ್ದಕ್ಕೆ, ಯಾವ ತೊಂದರೆಯೂ ಇಲ್ಲದ ಇನ್ನೊಂದು ಹಲ್ಲನ್ನೂ ತೋರಿಸಿಕೊಂಡು ಬಂದ. ಬಿಲ್ ಬರೆಯುವ ಹುಡುಗಿ ನಾನು, "ಊಟ ಆಯ್ತಾ ಅಣ್ಣಾ?" ಅಂದರೆ, ಪಕ್ಕದವನ ಕಿವಿಯಲ್ಲಿ, ನನಗೂ ಕೇಳಿಸುವಷ್ಟು ಗಟ್ಟಿಯಾಗಿ, "ಅಣ್ಣ ಅನ್ನೋದು ಜನರ ಕಣ್ಣಿಗೆ ಕಣಯ್ಯ" ಅನ್ನುತ್ತಾನೆ. ಇದೇ ಮನುಷ್ಯ ದಿನವಿಡೀ ಗಿರಾಕಿ ಹೆಂಗಸರ ಮುಂದೆ ಮಂಡಿಯೂರಿ, ಬಾಯ್ತುಂಬ ನಗುತ್ತಾ, "ಈ ಬಣ್ಣ ನಿಮ್ಗೇ ಅಂತ ಮಾಡ್ಸಿದ ಹಾಗಿದೆ ಮೇಡಂ" ಅನ್ನುತ್ತಾನೆ. ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಆತನಿಗೆ ಅವರ ಮುಖವೂ ನೆನಪಿರುವುದಿಲ್ಲ. ಮೊನ್ನೆ ಕೇಳಿಯೇ ಬಿಟ್ಟೆ: "ಅಣ್ಣಾ, ದಿನಾ ಇಷ್ಟೊಂದು ಹೆಂಗಸರನ್ನ ನೋಡಿ ನಗ್ತೀರಲ್ಲ, ಅವರೆಲ್ಲರ ಮೇಲೂ ಮನಸ್ಸಾ?" "ಛೆ ಛೆ, ಅದು ಕೆಲ್ಸ ಕಣಮ್ಮಾ! ಮುಖ ಗಂಟು ಹಾಕ್ಕೊಂಡ್ರೆ ಯಾರು ಬರ್ತಾರೆ?" ಅಂದ. ಅಂದವನು ಕೈಯಲ್ಲಿದ್ದ ಶೂ ಕೆಳಗಿಟ್ಟು ತುಸು ಹೊತ್ತು ಯೋಚನೆಗೆ ಬಿದ್ದ. ಅಂತೂ ತಲೆಗೆ ಹೋಯಿತು ಎಂದು ನನಗೆ ಸಮಾಧಾನವಾಗುವಷ್ಟರಲ್ಲಿ ಮೆಲ್ಲಗೆ ಕೇಳಿದ: "ಯಾಕೆ, ಹೊಟ್ಟೆಕಿಚ್ಚಾ?" ಈಗ ಅಂಗಡಿಯಲ್ಲಿ ಎಲ್ಲರನ್ನೂ ಊಟ ಆಯ್ತಾ ಅಂತ ಕೇಳುತ್ತೇನೆ, ಆತನೊಬ್ಬನನ್ನು ಬಿಟ್ಟು. ಆತನೋ, ಮೂಲೆಯಲ್ಲಿ ಒಬ್ಬನೇ ಕೂತು ಡಬ್ಬಿ ಬಿಚ್ಚುತ್ತಾ, ನನಗೆ ನಾಚಿಕೆ ಶುರುವಾಗಿದೆ ಎಂದು ಸಂಭ್ರಮಪಡುತ್ತಾನೆ.